ನಾಯಿಮರಿ ಬರುವ ಮನೆ

ಅಜ್ಜಿಯರ ಅಜ್ಜಿಗೂ ಹಲ್ಲು ಬಾರದಿದ್ದ ಕಾಲದಲ್ಲಿ ಹೊಂಗೆಸೀಮೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ನಾಯಿಯೂ ಇರಲಿಲ್ಲ. ಮೊದಲು ಇದ್ದವು. ಸಂಜೆ ಹೊಲದಿಂದ ಬರುವವರಿಗಿಂತ ಮುಂದೆ ಓಡಿಬಂದು, ಬಾಗಿಲಲ್ಲಿ ನಿಂತು, ಬಂದರೋ ಇಲ್ಲವೋ ಎಂದು ಹಿಂತಿರುಗಿ ನೋಡುವ ನಾಯಿಗಳು ಮನೆಮನೆಗೂ ಇದ್ದವು. ಎಂಥ ಸಂಜೆಗಳು ಅವು! ಈಗ ಜನ ಸುಮ್ಮನೆ ಬಂದು ಸುಮ್ಮನೆ ಕದ ಹಾಕಿಕೊಳ್ಳುತ್ತಿದ್ದರು.

ಇದಕ್ಕೆಲ್ಲ ಕಾರಣ ಮಾರುಮೊಗ ಎಂಬ ಮಾಂತ್ರಿಕ. ಅವನು ಯಾರ ಮುಖವನ್ನಾದರೂ ತೊಡಬಲ್ಲವನಾಗಿದ್ದ. ಮುಖದ ಜೊತೆಗೆ ದನಿ, ನಡಿಗೆ, ನೆನಪು ಎಲ್ಲವೂ ಅವನದಾಗುತ್ತಿತ್ತು. ಅವನು ಒಂದು ಮನೆ ಹೊಕ್ಕನೆಂದರೆ ಅಮಾವಾಸ್ಯೆಯ ಹೊತ್ತಿಗೆ ನಿಜವಾದವರು ಹೊಗೆಯಾಗಿ ಕರಗಿಹೋಗುತ್ತಿದ್ದರು. ಅವನು ಅಡಗಿಸಲಾರದ್ದು ತನ್ನ ವಾಸನೆಯೊಂದನ್ನೇ, ಅದು ಗೊತ್ತಾಗುತ್ತಿದ್ದುದು ನಾಯಿಯ ಮೂಗಿಗೆ ಮಾತ್ರ. ನಾಯಿ ಗುರುತು ಹಿಡಿದು ಬೊಗಳಿತೆಂದರೆ ತೊಟ್ಟ ಮುಖ ನಿಲ್ಲುತ್ತಿರಲಿಲ್ಲ. ಹಾಗಾಗಿ ಗಡಿಯೊಳಗೆ ಉಳಿದ ನಾಯಿಯೆಲ್ಲ ಕಲ್ಲಾಗಲಿ ಎಂದು ಮಾಟ ಹಾಕಿದ್ದ.

ಬುಟ್ಟಿ ಹೆಣೆಯುವ ಜವರನ ಮನೆಯಲ್ಲೂ ಜೋಗಿ ಎಂಬ ನಾಯಿ ಇತ್ತು. ಜವರ ಆಗ ನೆಲದಲ್ಲೇ ಆಡಿಕೊಂಡಿರುವ ಮೂರು ವರ್ಷದ ಕೂಸು. ಅವನ ಅವ್ವ ಪುಟ್ಟೀರಮ್ಮ ಜೋಗಿಯನ್ನು ಗಡಿ ದಾಟಿಸಿ ಬಿಟ್ಟರೆ, ಅದು ಮತ್ತೆ ಮತ್ತೆ ಅವಳ ಹಿಂದೆಯೇ ಬಂತು. ಕೊನೆಗೆ ಅವಳು ಕಲ್ಲೆಸೆದು ಓಡಿಸಿದಳು. ಜೀವ ಉಳಿಸಲು ಎಸೆದ ಕಲ್ಲು ಎಂದು ನಾಯಿಗೆ ತಿಳಿಸಿ ಹೇಳುವುದು ಹೇಗೆ? ಅಂದಿನಿಂದ ಅವಳು ಜೋಗಿಯ ಹೆಸರು ಎತ್ತಲಿಲ್ಲ.

ಜವರ ಮೀಸೆ ಬಂದ ಗಂಡಾದ. ಒಂದು ದಿನ ಸಂತೆಯಿಂದ ಬಂದು ನೋಡಿದರೆ ಬಾಗಿಲಲ್ಲಿ ಇಬ್ಬರು ಪುಟ್ಟೀರಮ್ಮಂದಿರು!

"ಬಂದ್ಯಾ ಮಗಾ? ಕೈಕಾಲು ತೊಳ್ಕೋ" ಎಂದಳು ಒಬ್ಬಳು.

"ಬಂದ್ಯಾ ಮಗಾ? ಕೈಕಾಲು ತೊಳ್ಕೋ" ಎಂದಳು ಇನ್ನೊಬ್ಬಳು.

ಜವರ ಹಳೆಯ ಗುಟ್ಟುಗಳನ್ನೆಲ್ಲ ಕೆದಕಿ ನೋಡಿದ. ಏನು ಕೇಳಿದರೂ ಇಬ್ಬರೂ ಸರಿಯಾಗಿಯೇ ಹೇಳಿದರು. ಒಬ್ಬಳು ಅವ್ವ, ಇನ್ನೊಬ್ಬ ಮಾರುಮೊಗ. ಯಾರು ಯಾರೆಂದು ಅಮಾವಾಸ್ಯೆಯೊಳಗೆ ತಿಳಿಯದಿದ್ದರೆ ಅವ್ವ ಇಲ್ಲವಾಗುತ್ತಾಳೆ. ಗಡಿಯಾಚೆಯ ಬೆಟ್ಟದ ಗವಿಯಲ್ಲಿ ಬೆಳ್ಳಿಗಿವಿ ಎಂಬ ಮಾತಾಡುವ ನಾಯಿ ಮರಿ ಹಾಕಿದೆಯೆಂದು ಅವನು ಕೇಳಿದ್ದ. ಎದ್ದೆನೋ ಬಿದ್ದೆನೋ ಎಂದು ಅಲ್ಲಿಗೆ ಓಡಿದ.

"ಮರಿ ಕೊಡ್ತೀನಿ" ಎಂದಿತು ಬೆಳ್ಳಿಗಿವಿ. "ಮರಿಗೇಂತ ಪೂರ್ತಿ ಸಜ್ಜಾದ ಮನೆಯ ಹೊಸ್ತಿಲನ್ನ ಅವನ ಮಾಟ ದಾಟೋದಿಲ್ಲ. ಆದ್ರೆ ಒಳಗೆ ಒಂದೇ ಒಂದು ಕೇಡು ಉಳಿದಿದ್ರೂ ನನ್ನ ಮಗು ಕಲ್ಲಾಗ್ತದೆ. ಹೋಗು, ಮನೆ ಸಜ್ಜು ಮಾಡ್ಕೊಂಡು ಬಾ."

ಜವರ ಮನೆಗೆ ಬಂದು ಬಣ್ಣದ ಬುಟ್ಟಿ ಹೆಣೆದ. ಹಿತ್ತಾಳೆ ಬಟ್ಟಲು ತಂದ. ಬಾಗಿಲಿಗೆ ತೋರಣ ಕಟ್ಟಿದ. ಮತ್ತೆ ಬೆಟ್ಟ ಹತ್ತಿದಾಗ ಬೆಳ್ಳಿಗಿವಿ ಅವನ ಕೈ ಮೂಸಿ ನಕ್ಕಿತು.

"ಮದುವೆ ಮನೆ ಮಾಡಿದ್ದೀಯ ಕಣಪ್ಪ, ಮರಿ ಮನೆ ಮಾಡಿಲ್ಲ. ಹೊಟ್ಟೆ ಮೇಲೆ ತೆವಳ್ಕೊಂಡು ನಿನ್ನ ಮನೆ ನೋಡು."

ಜವರ ಹೊಟ್ಟೆಯ ಮೇಲೆ ತೆವಳಿದ. ಕಾಳು ತುಂಬುವ ವಾಡೆಯ ಹಿಂದೆ ಇಲಿಗೆ ಇಟ್ಟ ಪಾಷಾಣದ ಉಂಡೆ, ಮೂಲೆಯಲ್ಲಿ ಬಿದಿರಿನ ಸಿಬಿರು, ಕೊರಳಿಗೆ ಸುತ್ತಿಕೊಳ್ಳುವಂಥ ಹಗ್ಗ, ಹಿತ್ತಲಲ್ಲಿ ಮುಚ್ಚಳವಿಲ್ಲದ ಬಾವಿ, ಎಲ್ಲ ಕಂಡವು. ಎಲ್ಲವನ್ನೂ ತೆಗೆದ, ಮುಚ್ಚಿದ, ಗುಡಿಸಿದ. ಹಾಗೆ ತೆವಳುವಾಗ ಬಾಗಿಲ ಚೌಕಟ್ಟಿನ ಬುಡದಲ್ಲಿ ಜೋಗಿಯ ಹಲ್ಲಿನ ಗುರುತು ಸಿಕ್ಕಿತು. ಅದರ ಮೇಲೆ ಬೆರಳಿಟ್ಟ. ವಾಡೆಯ ಸಂದಿಯಲ್ಲಿ ಅವನೂ ಜೋಗಿಯೂ ಒಂದೇ ರೊಟ್ಟಿಯನ್ನು ಒಂದೊಂದು ಕಡೆಯಿಂದ ತಿನ್ನುತ್ತಿದ್ದದ್ದು, ಅವ್ವ ಇಬ್ಬರಿಗೂ ಸಮನಾಗಿ ಬೈಯುತ್ತಿದ್ದದ್ದು ನೆನಪಾಯಿತು. ನೆಲದಿಂದ ನೋಡಿದರೆ ಮನೆ ಈಗಲೂ ಅಷ್ಟೇ ದೊಡ್ಡದಾಗಿತ್ತು. ಜವರ ಅಲ್ಲೇ ಮಲಗಿ ಅತ್ತುಬಿಟ್ಟ.

ಮೂರನೆಯ ಸಲ ಬೆಟ್ಟ ಹತ್ತಿದ. ಬೆಳ್ಳಿಗಿವಿ ಅವನ ಹೆಗಲ ವಸ್ತ್ರ ಕೇಳಿ ಪಡೆದು ಅದರ ಮೇಲೆ ಮಲಗಿತು. "ನನ್ನ ವಾಸನೆ ಇದಕ್ಕಂಟಲಿ. ಇದರಲ್ಲಿ ಸುತ್ತಿದ್ರೆ ದಾರೀಲಿ ಮಾಟ ತಾಕೋದಿಲ್ಲ. ಇನ್ನೊಂದು ಉಳಿದಿದೆ. ಮರಿಗೆ ಹಾಸಿಗೆ ಮಾಡು, ಮನೆಯವರನ್ನ ಒಂದು ಮಾತು ಕೇಳು."

ಜವರ ಬಂದು ಬುಟ್ಟಿಯಲ್ಲಿ ಹಳೆಯ ಸೀರೆ ಮಡಿಸಿ ಹಾಸಿದ. ಇಬ್ಬರನ್ನೂ ಕೇಳಿದ.

"ತಗೊಂಡು ಬಾ ಮಗಾ, ಮನೆಗೊಂದು ಕಳೆ" ಎಂದಳು ಒಬ್ಬಳು.

"ಬೇಡ" ಎಂದಳು ಇನ್ನೊಬ್ಬಳು. "ಸಾಕಿದ ಜೀವಕ್ಕೆ ಕಲ್ಲೆಸೆದ ಕೈ ಇದು. ಇನ್ನೊಂದು ನಾಯಿ ಸಾಕೋದು ನನ್ನಿಂದಾಗಲ್ಲ."

ಜವರನಿಗೆ ರೋಷ ಉಕ್ಕಿತು. ನಾಯಿಗೆ ಹೆದರುವವನಲ್ಲದೆ ಬೇರೆ ಯಾರು ಬೇಡವೆನ್ನುತ್ತಾರೆ? "ಸಿಕ್ಕಿಬಿದ್ದೆ! ನಡಿ ಆಚೆಗೆ" ಎಂದು ಅವಳನ್ನು ಜಗಲಿಗೆ ಕಳಿಸಿದ. ಅವಳು ಎದುರಾಡದೆ ಹೋಗಿ ಕೂತಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ಅಮಾವಾಸ್ಯೆಯ ದಿನ ಮರಿ ತರಲು ಹೊರಡುವ ಮುಂಚೆ, ಎಲ್ಲ ಸರಿಯಿದೆಯೇ ಎಂದು ನೋಡಲು ಜವರ ಇನ್ನೊಮ್ಮೆ ತೆವಳಿ ವಾಡೆಯ ಸಂದಿಗೆ ಹೋದ. ಆಗ ಮರಿ ತಗೊಂಡು ಬಾ ಎಂದಿದ್ದವಳು ಅಡುಗೆಮನೆಯಿಂದ ಮೆಲ್ಲಗೆ ಬಂದಳು. ಕೆಳಗಿನಿಂದ ಮುಖ ಕಾಣಲಿಲ್ಲ, ಕೈ ಕಂಡಿತು. ಆ ಕೈ ಮರಿಯ ಹಾಸಿಗೆಯೊಳಗೆ ಒಂದು ಸೂಜಿ ಸಿಕ್ಕಿಸಿ ಹೋಯಿತು.

ಜವರ ಸಂದಿಯಲ್ಲೇ ಅಡಗಿ ನೋಡುತ್ತಿದ್ದ. ಅಷ್ಟರಲ್ಲಿ ಜಗಲಿಯಲ್ಲಿದ್ದವಳು ಕಳ್ಳಿಯ ಹಾಗೆ ಒಳಗೆ ಬಂದಳು. ಆ ಸೀಮೆಯ ತಾಯಂದಿರು ತೊಟ್ಟಿಲಲ್ಲಿ ಕೂಸು ಮಲಗಿಸುವ ಮುಂಚೆ ಅಂಗೈಯಿಂದ ಹಾಸಿಗೆಯನ್ನೆಲ್ಲ ಒತ್ತಿ ಸವರುತ್ತಿದ್ದರು, ಚುಚ್ಚುವುದಾದರೆ ಮೊದಲು ನನಗೆ ಚುಚ್ಚಲಿ ಎಂದು. ಅವಳು ಹಾಗೆಯೇ ಸವರಿದಳು. "ಅಯ್ಯಪ್ಪಾ!" ಎಂದು ಕೈ ಹಿಂತೆಗೆದಳು. ಬೆರಳಲ್ಲಿ ರಕ್ತ. ಸೂಜಿಯನ್ನು ಕಿತ್ತು ಸೆರಗಿಗೆ ಸಿಕ್ಕಿಸಿಕೊಂಡು ಮತ್ತೆ ಪೂರ್ತಿ ಸವರಿದಳು.

"ಬೇಡ ಅಂದ್ರೂ ತರ್ತಾನೆ, ಹಟಮಾರಿ" ಎಂದು ಗೊಣಗಿದಳು. "ಬರೋ ಜೀವ ಏನು ಮಾಡ್ತು ಪಾಪ."

ಜವರ ತೆವಳಿ ಬಂದು ಅವಳ ಕಾಲು ಹಿಡಿದ. "ಅವ್ವಾ, ನಿನ್ನನ್ನ ಆಚೆ ಕೂರಿಸಿದೆನಲ್ಲ!"

"ಕೂತಿದ್ದೆ, ಏನಾಯ್ತೀಗ? ಏಳು, ಹೊತ್ತು ಮುಳುಗೋದ್ರೊಳಗೆ ಮರಿ ತಗೊಂಡು ಬಾ."

ಅವಳ ಕಾಲು ಆಗಲೇ ತಣ್ಣಗಾಗಿ ಹೊಗೆಯಾಡುತ್ತಿತ್ತು. ಜವರ ಎಂದೂ ಓಡದ ಓಟ ಓಡಿದ. ಮರಿಯನ್ನು ವಸ್ತ್ರದಲ್ಲಿ ಸುತ್ತಿ ತಂದು ಹೊಸ್ತಿಲ ಒಳಗೆ ಇಳಿಸಿದ. ಮರಿ ಕಲ್ಲಾಗಲಿಲ್ಲ. ಒಂದು ಸೀನು ಸೀನಿತು, ಕಳ್ಳ ಅವ್ವನ ಕಾಲು ಮೂಸಿತು, ಮುಷ್ಟಿಗಾತ್ರದ ಮೈಯನ್ನೆಲ್ಲ ಸೇರಿಸಿ "ಬೌ!" ಎಂದಿತು.

ಹಳೆಯ ಗೋಡೆಯ ಸುಣ್ಣದಂತೆ ಮಾರುಮೊಗನ ಮುಖ ಉದುರಿತು. ಅದರ ಕೆಳಗೆ ಇನ್ನೊಂದು ಮುಖ, ಅದೂ ಉದುರಿತು. ಎಲ್ಲ ಉದುರಿದ ಮೇಲೆ ಅವನದೇ ಎಂಬ ಮುಖ ಉಳಿದಿರಲೇ ಇಲ್ಲ. ಅವನು ಗಾಳಿಯಲ್ಲಿ ಕರಗಿದ. ಹೊಗೆಯಾಗಿದ್ದವರು ಮನೆಗಳಿಗೆ ಮರಳಿದರು. ಕಲ್ಲಾಗಿದ್ದ ನಾಯಿಗಳು ಮೈಕೊಡವಿ ಎದ್ದವು. ಗಡಿಯಾಚೆ ಹೋಗಿದ್ದವುಗಳಲ್ಲಿ ಬದುಕಿದ್ದವೂ ಅವುಗಳ ಮರಿಗಳೂ ಸಾಲುಸಾಲಾಗಿ ಬಂದವು. ಹೊಂಗೆಸೀಮೆಯ ಸಂಜೆಗಳಿಗೆ ಮತ್ತೆ ಸದ್ದು ಬಂತು.

ಜೋಗಿ ಮಾತ್ರ ಬರಲಿಲ್ಲ. ನಾಯಿಯ ಆಯಸ್ಸು ಎಷ್ಟು ಮಹಾ. ಪುಟ್ಟೀರಮ್ಮ ದಾರಿಯ ಕಡೆ ನೋಡುತ್ತ ಜಗಲಿಯಲ್ಲೇ ನಿಂತಿದ್ದಳು. ದೀಪ ಹಚ್ಚುವ ಹೊತ್ತಿಗೆ ಒಳಗೆ ಮರಿ ತನ್ನ ತಾಯಿಯನ್ನು ನೆನೆದು ಕುಂಯ್‌ಗುಟ್ಟತೊಡಗಿತು. ಜವರ ಹಾಲು ಕೊಟ್ಟ, ಎತ್ತಿ ಆಡಿಸಿದ, ಏನೂ ನಡೆಯಲಿಲ್ಲ.

ಪುಟ್ಟೀರಮ್ಮ ಬಂದು ಅದನ್ನು ಮಡಿಲಿಗೆ ಹಾಕಿಕೊಂಡಳು.

"ಸುಮ್ನಿರು ಅನ್ಬೇಡ ಅದಕ್ಕೆ" ಎಂದಳು ಮಗನಿಗೆ. ಆಮೇಲೆ ಮರಿಯ ಕಡೆ ಬಾಗಿ, "ಅಳು ಕಂದಾ, ಅಳು. ನಾನೂ ಅಳ್ತೀನಿ" ಎಂದಳು.

ಇಬ್ಬರೂ ಸಾಕಾಗುವಷ್ಟು ಅತ್ತರು. ಮರಿ ಅವಳ ಮಡಿಲಲ್ಲಿ ಮಲಗಿತು, ಕತೆಯೂ ಅದರ ಪಕ್ಕದಲ್ಲೇ ಮಲಗಿತು.