ಎರಡನೇ ಸಲ ಸೇರಿದವಳು

"ಈ ಹಲ್ಲನ್ನ ವಾಪಸ್ ಕಳಿಸಿದ್ದು ಯಾರು?!"

ಬಾಗಿಲು ತಟ್ಟಲಿಲ್ಲ. ಒಳಗೆ ಬರಬಹುದೇ ಎಂದು ಕೇಳಲೂ ಇಲ್ಲ. ಮೇಣದಕ್ಕ ನೇರವಾಗಿ ಹೊಸ ಮುಖ್ಯಸ್ಥನ ಕೋಣೆಗೆ ನುಗ್ಗಿದಳು. ಕೈಯಲ್ಲಿ ಪ್ಲಾಸ್ಟರಿನ ದವಡೆ, ಅದರಲ್ಲಿ ಅವಳು ಎರಡು ದಿನ ಕೂತು ಮೇಣದಲ್ಲಿ ಕೆತ್ತಿದ ಎರಡು ಮುಂಬಲ್ಲು.

ಕಟ್ಟು ಹಲ್ಲು ತಯಾರಿಸುವ ಆ ಲ್ಯಾಬಿನಲ್ಲಿ ಅವಳ ಕೆಲಸವನ್ನು ಅಲ್ಲಿಯವರೆಗೆ ಯಾರೂ ತಿರಸ್ಕರಿಸಿದ್ದಿಲ್ಲ. ಹಲ್ಲಿನ ಡಾಕ್ಟರುಗಳು ಫೋನ್ ಮಾಡಿ, "ಆ ಅಮ್ಮನ ಕೈಯಲ್ಲೇ ಮಾಡ್ಸಿ" ಎಂದು ಕೇಳುತ್ತಿದ್ದರು. ಈಗ ಬಂದು ಒಂದು ಬೆಳಗು ಕಳೆಯದವನು ಅದಕ್ಕೆ 'ಅಂಚು ಸವೆದಿದೆ' ಎಂದು ಚೀಟಿ ಅಂಟಿಸಿ ಕಳಿಸಿದ್ದ!

"ಈ ಹಲ್ಲು ಯಾರಿಗೆ ಅಂತ ನೋಡಿದ್ರಾ ಸಾರ್? ಅರವತ್ತು ದಾಟಿದ ಹೆಂಗಸಿಗೆ. ಪಕ್ಕದ ಹಲ್ಲೆಲ್ಲ ಸವೆದಿರೋವಾಗ ನಡುವೆ ಎರಡು ಮಾತ್ರ ಹದಿನಾರರ ಹುಡುಗಿ ಹಲ್ಲು ಇಡೋಕಾಗುತ್ತಾ? ಬೇಕಂತಲೇ ಸವೆಸಿದೀನಿ!"

ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದವನು ತಿರುಗಿದ. ಇಸ್ತ್ರಿ ಮುರಿಯದ ಅಂಗಿ, ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು, ತೆಳ್ಳನೆಯ ಕನ್ನಡಕ.

ಅಯ್ಯೋ... ಇವನಾ?!

"ಸೋಡಾಬುಡ್ಡಿ..." ಎಂದಿತು ಅವಳ ಬಾಯಿ, ಅವಳನ್ನು ಕೇಳದೆಯೇ.

ಅವನ ಮುಖ ಬಿಳಿಚಿಕೊಂಡಿತು. "ಮೇಣದಕ್ಕ, ಮೇಣದಕ್ಕ ಅಂತ ಎಲ್ರೂ ಹೇಳ್ತಿದ್ದದ್ದು... ನಿನ್ನನ್ನೇನಾ? ನೀನು ಇನ್ನೂ ಮೇಣದ ಟೇಬಲ್ಲಲ್ಲೇ ಇದೀಯಾ?"

ಬೇರೆ ಏನು ಕೇಳಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಹನ್ನೆರಡು ವರ್ಷದ ಮೇಲೆ ಸಿಕ್ಕಿದವನು ಕೇಳಬೇಕಾದ ಮೊದಲ ಪ್ರಶ್ನೆ ಇದಾ?

"ಹೌದು ಸಾರ್, ಇನ್ನೂ ಇದೀನಿ. ಬಹಳ ಆಶ್ಚರ್ಯ ಆಯ್ತಾ?"

ದವಡೆಯನ್ನು ಅವನ ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದಳು. ಕಣ್ಣು ಉರಿಯುತ್ತಿತ್ತು. ಅಳಬಾರದು... ಇವನ ಮುಂದಂತೂ ಅಳಲೇಬಾರದು!

ಇಪ್ಪತ್ತೊಂದನೇ ವಯಸ್ಸಿನಲ್ಲಿ ಇಬ್ಬರೂ ಇದೇ ಲ್ಯಾಬಿಗೆ ಒಂದೇ ದಿನ ಸೇರಿದವರು. ಒಂದೇ ಟೇಬಲ್ಲು, ಒಂದೇ ಸಂಬಳ. ಆಗಿನ ಅವನ ದಪ್ಪ ಗಾಜಿನ ಕನ್ನಡಕ ನೋಡಿ ಸೋಡಾಬುಡ್ಡಿ ಎಂದು ಹೆಸರಿಟ್ಟವಳೂ ಇವಳೇ. ಅವನು ಕೆತ್ತಿದ ದವಡೆ ಹಲ್ಲು ಬೇಯಿಸಿದ ಆಲೂಗಡ್ಡೆಯ ಹಾಗೆ ಇರುತ್ತಿತ್ತು. ಚಾಕು ಹಿಡಿಯುವುದನ್ನು ಕಲಿಸಿದವಳು ಇವಳು. ಬೈದು ಕಲಿಸಿದಳು, ನಕ್ಕು ಕಲಿಸಿದಳು, ಕಲಿಸುತ್ತಾ ಕಲಿಸುತ್ತಾ ಮನಸ್ಸನ್ನೂ ಕೊಟ್ಟುಬಿಟ್ಟಳು. ಬಾಯಿಬಿಟ್ಟು ಮಾತ್ರ ಇಬ್ಬರೂ ಹೇಳಿರಲಿಲ್ಲ.

ಮೂರು ವರ್ಷದ ಮೇಲೆ ಬೇರೆ ಊರಿನ ದೊಡ್ಡ ಲ್ಯಾಬೊಂದು ಇಬ್ಬರನ್ನೂ ಸಂದರ್ಶನಕ್ಕೆ ಕರೆಯಿತು. ಅಂಥ ಕಡೆಗೆ ಹೋಗುವವರು ತಾವೇ ಕೆತ್ತಿದ ಮಾದರಿ ದವಡೆ ಒಯ್ಯಬೇಕು. ಇವರಿಗೆ ಬಿಡುವು ಸಿಗದೆ ಇಬ್ಬರೂ ಸೇರಿ ಒಂದನ್ನೇ ಕೆತ್ತಿದರು. ಎಡಬದಿ ಅವಳದು, ಬಲಬದಿ ಅವನದು. ಒಟ್ಟಿಗೇ ಹೋಗುತ್ತೇವಲ್ಲ, ಒಟ್ಟಿಗೇ ತೋರಿಸೋಣ ಎಂಬ ಹುಚ್ಚು ಧೈರ್ಯ.

ಹೊರಡುವ ದಿನ ಬೆಳಿಗ್ಗೆ ಅವಳ ಅಮ್ಮ ಪಾರ್ಶ್ವವಾಯು ಬಡಿದು ಬಿದ್ದರು.

ಮನೆಯಲ್ಲಿ ಸಭೆ ಕೂತಿತು. ಅಪ್ಪ, ಅಣ್ಣ, ಚಿಕ್ಕಪ್ಪ. "ಅಣ್ಣನ ಸಂಬಳ ನಿನಗಿಂತ ಜಾಸ್ತಿ ಅಲ್ವೇನಮ್ಮಾ? ನೀನು ಸ್ವಲ್ಪ ದಿನ ಕೆಲಸ ಬಿಡು" ಎಂದರು ಅಪ್ಪ. ಆ ಜಾಸ್ತಿ ಎಷ್ಟು ಗೊತ್ತಾ? ಅಣ್ಣನ ಬಸ್ ಪಾಸಿಗೂ ಸಾಲದಷ್ಟು! ಸ್ವಲ್ಪ ದಿನ ಎಂದದ್ದು ನಾಲ್ಕು ವರ್ಷವಾಯಿತು. ಅಮ್ಮನ ಕೊನೆಯುಸಿರಿನವರೆಗೆ ಅವಳೇ ಎತ್ತಿದಳು, ಒರೆಸಿದಳು, ಉಣಿಸಿದಳು. ಅಣ್ಣನಿಗೆ ಅಷ್ಟರಲ್ಲಿ ಎರಡು ಬಡ್ತಿ.

ಸೋಡಾಬುಡ್ಡಿ ಒಬ್ಬನೇ ಹೋದ, ಕೆಲಸ ಸಿಕ್ಕಿತು, ಆಮೇಲೆ ಒಂದು ಫೋನೂ ಇಲ್ಲ. ಸಂಬಳ ಏರಿದ ಮೇಲೆ ನನ್ನ ನೆನಪು ಯಾಕಿರುತ್ತೆ ಎಂದುಕೊಂಡಳು. ಅಮ್ಮ ಹೋದ ಮೇಲೆ ಹಳೇ ಲ್ಯಾಬಿಗೇ ಮರಳಿದಳು. "ಸಂತೋಷ ಕಣಮ್ಮಾ" ಎಂದು ನಕ್ಕ ಯಜಮಾನರು ಹೊಸದಾಗಿ ಸೇರಿದವರ ಸಂಬಳ ಬರೆದರು. ಕೈಗೆ ಎಲ್ಲಾ ಗೊತ್ತು, ಕಾಗದಕ್ಕೆ ಮಾತ್ರ ಅವಳು ಹೊಸಬಳು! ಅವಳು ಕಲಿಸಿದವರು ಒಬ್ಬೊಬ್ಬರಾಗಿ, ಪಿಂಗಾಣಿ ಹಲ್ಲು ಮಾಡುವ ಸಿರಾಮಿಕ್ ವಿಭಾಗಕ್ಕೆ ಏರಿದರು. ಅವಳಿಗೆ ಈಗ ಮೂವತ್ತಾರು.

ಎರಡು ವಾರ ಅವನ ಮುಖ ನೋಡದೆ ಕೆಲಸ ಮಾಡಿದಳು. ಅವನು ಟೇಬಲ್ಲಿನ ಬಳಿ ಬಂದು ನಿಲ್ಲುವುದು, ಏನೋ ಹೇಳಹೊರಟು ನುಂಗಿಕೊಳ್ಳುವುದು, ಎಲ್ಲಾ ಗೊತ್ತಾಗುತ್ತಿತ್ತು. ಹಾಳು ಎದೆ ಆಗಲೂ ಹೊಡೆದುಕೊಳ್ಳುತ್ತಿತ್ತು. ಅದಕ್ಕೂ ಬೈದುಕೊಂಡಳು.

ಅಷ್ಟರಲ್ಲಿ ಗೋಡೆಗೆ ಪಟ್ಟಿ ಬಿತ್ತು. ಸಿರಾಮಿಕ್ ವಿಭಾಗದಲ್ಲಿ ಖಾಲಿಯಿದ್ದ ಹಿರಿಯ ಜಾಗಕ್ಕೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕ್ರಮಾಂಕ. ಅವಳ ಹೆಸರು ಕೆಳಗಿನಿಂದ ಎರಡನೆಯದು.

"ಅಯ್ಯೋ ತಂಗೀ, ನಿನ್ನ ಮೊದಲಿನ ವರ್ಷಗಳನ್ನ ಸೇರಿಸೇ ಇಲ್ಲ! ಎರಡನೇ ಸಲ ಬಂದಿದ್ದಲ್ವಾ, ಅದರಿಂದ ಎಣಿಸಿದಾರೆ. ಆಮೇಲೂ ಯಾವ್ಯಾವ್ದೋ ರಜ ಕಳೆದಿದಾರೆ!" ಪಾಲಿಶ್ ಮಾಡುವ ಅಕ್ಕ ಎದೆ ಬಡಿದುಕೊಂಡಳು. "ಕೆಳಗೆ ಸಹಿ ಯಾರ್ದು ನೋಡೇ..."

ಸಹಿ ಸೋಡಾಬುಡ್ಡಿಯದು.

ಪ್ಲಾಸ್ಟರ್ ಕೋಣೆಯಲ್ಲಿ ಅವನೊಬ್ಬನೇ ಸಿಕ್ಕ.

"ಹಾಕಿದೆಯಾ ಸಹಿ? ಕೈ ನಡುಗಲಿಲ್ವಾ?"

"ಯಜಮಾನರು ಕಳಿಸಿದ್ರು... ನಾನು ಓದಿದೆ. ಇದು ತಪ್ಪು ಅಂತ ಅನ್ನಿಸ್ತು. ಆದ್ರೂ ಹಾಕಿದೆ."

"ಯಾಕೆ?"

"ಹೆದರಿಕೆ." ಅವನು ತಲೆಯೆತ್ತಲಿಲ್ಲ. "ನಿನ್ನ ಹಳೇ ವರ್ಷಗಳ ಬಗ್ಗೆ ಬಾಯಿ ಬಿಟ್ರೆ ನನ್ನ ಹಳೇ ವರ್ಷಗಳೂ ಹೊರಗೆ ಬರುತ್ತೆ ಅಂತ... ಆವತ್ತು ಬಸ್ಸಿಗೆ ನೀನು ಬರ್ತೀಯಾ ಅಂತ ಕೊನೇ ಗಳಿಗೆವರೆಗೂ ಕಾದೆ. ಆಮೇಲೆ ಒಬ್ಬನೇ ಹೋದೆ. ಆ ಪರೀಕ್ಷಕರು ಬಲಬದಿ ನೋಡಿ ಮುಖ ಸಿಂಡರಿಸಿದ್ರು. ಎಡಬದಿ ನೋಡಿ ಎದ್ದೇ ನಿಂತ್ರು. 'ಇದು ನಿನ್ನ ಕೈಕೆಲಸವೇನಪ್ಪಾ?' ಅಂದ್ರು. ನಾನು... ಹೂಂ ಅಂದೆ."

"ಹೂಂ ಅಂದೆಯಾ?!"

"ಅದೇ ಹೂಂ ಮೇಲೆ ಕೆಲಸ ಸಿಕ್ತು, ಬಡ್ತಿ ಸಿಕ್ತು, ಇಲ್ಲಿಗೆ ಮುಖ್ಯಸ್ಥನಾಗಿ ಬಂದೆ. ನಿನಗೆ ಫೋನ್ ಮಾಡೋಕೆ ದಿನಾ ಕೈ ಹೋಗ್ತಿತ್ತು. ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

"ನಾನು ಕೆತ್ತಿದ ಹಲ್ಲಲ್ಲಿ ಹನ್ನೆರಡು ವರ್ಷ ಊಟ ಮಾಡಿದೆಯಲ್ಲೋ!" ಅವಳ ಕೂಗಿಗೆ ಪಕ್ಕದ ಕೋಣೆಯ ಪಾಲಿಶ್ ಯಂತ್ರ ಗಕ್ಕನೆ ನಿಂತಿತು. "ನೀನು ಮರೆತುಬಿಟ್ಟೆ ಅಂದ್ಕೊಂಡು ನಾನು ಎಷ್ಟು ಅತ್ತಿದೀನಿ ಗೊತ್ತಾ?"

"ಮರೆತಿದ್ರೆ ಇಷ್ಟು ಸುಡ್ತಿರಲಿಲ್ಲ. ಇಪ್ಪತ್ತೊಂದರಲ್ಲೂ ನೀನೇ, ಈಗಲೂ ನೀನೇ. ಪ್ರೀತಿ ಇತ್ತು ಕಣೇ, ಧೈರ್ಯ ಇರಲಿಲ್ಲ."

ಹನ್ನೆರಡು ವರ್ಷ ಕಾದ ಮಾತು! ಅದು ಬಂದ ಗಳಿಗೆ ನೋಡಿ. ಅವಳು ಅತ್ತಳು, ಸಿಟ್ಟಿನಿಂದಲೇ ಅತ್ತಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಹತ್ರ ಹೇಳಿ ಏನು ಬಂತು? ನಾನೀಗ ಯಜಮಾನರ ಹತ್ರ ಹೋಗ್ತಿದೀನಿ. ಬರೋದಾದ್ರೆ ಬಾ. ಇಲ್ಲಾಂದ್ರೆ ಈ ಜನ್ಮದಲ್ಲಿ ನನ್ನ ಜೊತೆ ಮಾತಾಡಬೇಡ."

ಯಜಮಾನರು ಕನ್ನಡಕ ಏರಿಸಿ ನೋಡಿದರು. "ನಿಯಮ ಅಂದ್ರೆ ನಿಯಮ ಕಣಮ್ಮಾ. ನೀನು ನಾಲ್ಕು ವರ್ಷ ಮನೇಲಿ ಕೂತಿದ್ದೆ. ಕೂತವರಿಗೂ ದುಡಿದವರಿಗೂ ಒಂದೇ ಲೆಕ್ಕ ಹಾಕೋಕಾಗುತ್ತಾ?"

"ಕೂತಿದ್ನಾ?" ಅವಳ ದನಿ ಅವಳಿಗೇ ಹೊಸದಾಗಿತ್ತು. "ಆಳೆತ್ತರದ ಅಮ್ಮನ್ನ ದಿನಕ್ಕೆ ಹತ್ತು ಸಲ ಎತ್ತಿ ಮಲಗಿಸಿದೀನಿ ಸಾರ್. ಅದಕ್ಕೆ ಸಂಬಳ ಕೊಡಿ ಅಂತ ಕೇಳ್ತಿಲ್ಲ. ಅದಕ್ಕೂ ಮುಂಚೆ ಇಲ್ಲೇ ದುಡಿದ ವರ್ಷಗಳನ್ನ ಯಾಕೆ ಅಳಿಸಿದ್ರಿ ಅಂತ ಕೇಳ್ತಿದೀನಿ. ನಿಮ್ಮ ಬಾಯಲ್ಲಿರೋ ಹಲ್ಲು ಸೆಟ್ ಕೆತ್ತಿದ್ದೂ ನಾನೇ. ಇದನ್ನ ಮಾಡಿದವಳು ಹೊಸಬಳು ಅಂತ ಅದೇ ಬಾಯಲ್ಲಿ ಹೇಳಿ ನೋಡೋಣ!"

ಯಜಮಾನರ ಕೈ ತಾನಾಗಿಯೇ ತಮ್ಮ ದವಡೆಗೆ ಹೋಯಿತು.

ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದ. ಹೂಂ ಅಂದದ್ದು, ಎಡಬದಿ ಯಾರದು, ಬಲಬದಿ ಯಾರದು, ಎಲ್ಲವನ್ನೂ ಹೇಳಿದ. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

"ಆ ಪಟ್ಟಿಗೆ ಹಾಕಿದ ಸಹಿ ವಾಪಸ್ ತಗೊಂಡಿದೀನಿ ಸಾರ್. ಮುಖ್ಯಸ್ಥನ ಕುರ್ಚೀನೂ ಬೇಡ. ಟೇಬಲ್ಲು ಕೊಟ್ರೆ ಇರ್ತೀನಿ, ಇಲ್ಲಾಂದ್ರೆ ಹೋಗ್ತೀನಿ."

ಯಜಮಾನರು ಬಹಳ ಹೊತ್ತು ಗೊಣಗಿದರು, ಬೈದರು, ನೀರು ಕುಡಿದರು. ಅವಳು ಬಿಟ್ಟುಹೋದರೆ ಡಾಕ್ಟರುಗಳೂ ಅವಳ ಹಿಂದೆಯೇ ಹೋಗುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯ ಹೊತ್ತಿಗೆ ಅವಳ ಎಲ್ಲಾ ವರ್ಷಗಳನ್ನೂ ಸೇರಿಸಿ ಹೊಸ ಪಟ್ಟಿ ಬಂತು. ಹಿರಿಯ ಜಾಗ ಅವಳದಾಯಿತು. ಅವನಿಗೆ ಬಾಗಿಲ ಪಕ್ಕದ ಟೇಬಲ್ಲು.

ಕೆಲಸ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ.

"ಕ್ಷಮಿಸ್ತೀಯಾ?"

"ಇಲ್ಲ." ಅವಳು ಪಕ್ಕದಲ್ಲಿ ಕೂತಳು. "ಅಷ್ಟು ಬೇಗ ಆಗಲ್ಲ. ಸಿಟ್ಟು ಇನ್ನೂ ಕುದೀತಿದೆ."

"ಕುದೀಲಿ. ನಾನು ಎಲ್ಲೂ ಹೋಗಲ್ಲ. ನನ್ನ ಮದುವೆ ಆಗ್ತೀಯಾ?"

ಅವಳು ಅವನನ್ನೇ ನೋಡಿದಳು. ಅದೇ ಪೆದ್ದು ಕಣ್ಣು. ಹಾಳಾದವನು... ಇಷ್ಟು ಬೈಸಿಕೊಂಡೂ ಇಷ್ಟವಾಗುತ್ತಾನಲ್ಲ!

"ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬೇಡ. ನಾಳೆ ನಮ್ಮನೇಲಿ ಯಾರೋ ಹಾಸಿಗೆ ಹಿಡೀತಾರೆ ಅಂತಿಟ್ಕೋ. ಯಾರು ಕೆಲಸ ಬಿಡೋದು?"

ಅವನು ಯೋಚಿಸಿದ. ಆ ಯೋಚನೆಯೇ ಅವಳಿಗೆ ಹಿಡಿಸಿತು.

"ಸರದಿ ಹಾಕೋಣ," ಎಂದ ಮೆಲ್ಲಗೆ. "ಯಾರ ಸಂಬಳ ಎಷ್ಟೇ ಇರಲಿ. ಮೊದಲನೇ ಸರದಿ ನಂದು."

"ಎರಡನೇದು?"

"ಎರಡನೇದು... ನಿಂದು?"

"ಎರಡನೇದೂ ನಿಂದೇ," ಎಂದಳು ಅವಳು, ಅವನ ಹೆಗಲಿಗೆ ತಲೆ ಒರಗಿಸುತ್ತಾ. "ನನ್ನ ಸರದಿ ನಾಲ್ಕು ವರ್ಷ ಮುಗಿದಿದೆ ಕಣೋ."

"ಸರಿ," ಎಂದ ಅವನು.