ಮಾಡಿದವರ ಹೆಸರು

ನಂಬೋದು ಬಿಡೋದು ನಿಮಗೆ ಸೇರಿದ್ದು. ಮೂವತ್ತು ವರ್ಷದಿಂದ ಹಳೇ ಪೆನ್ನು ರಿಪೇರಿ ಮಾಡ್ತಿದ್ದೀನಿ, ಸುಳ್ಳು ಹೇಳಿ ನನಗೇನಾಗಬೇಕು?

ಮಟಮಟ ಮಧ್ಯಾಹ್ನ ಹೆಂಗಸೊಬ್ಬಳು ಬಂದು ಕಪ್ಪು ಪೆನ್ನೊಂದನ್ನು ಮೇಜಿನ ಮೇಲಿಟ್ಟಳು.

"ಇದನ್ನ ಮಾಡಿದ್ದು ಯಾರು ಅಂತ ಹೇಳಿ, ಸಾಕು. ನೀವು ಬರೆದು ಮಾತ್ರ ನೋಡಬೇಡಿ. ನಮ್ಮಪ್ಪ ಇದರಲ್ಲಿ ಬರೀತಾ ಬರೀತಾನೇ ಹೋಗಿಬಿಟ್ಟರು."

ನನಗೇ ಪಾಠ! ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಆ ಬಿಸಿಲಲ್ಲೂ ಪೆನ್ನು ಕೊರೆಯುವಷ್ಟು ತಣ್ಣಗಿತ್ತು. ಅದರ ಮೈಮೇಲೆ ಕೆತ್ತಿದ್ದ ಸವೆದ ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಿದೆ. ಗೀರಿನಲ್ಲಿ ಪುಡಿ ಕೂತರೆ ಓದಬಹುದು. 'ಮಾಡಿದವರು' ಅಂತ ಮೂಡಿತು. ಅದರ ಮುಂದೆ ಬರೀ ನುಣುಪು, ಖಾಲಿ.

ಅಭ್ಯಾಸ ಬಿಡಬೇಕಲ್ಲ! ನಿಬ್ಬನ್ನು ಶಾಯಿಗೆ ಅದ್ದಿ ನನ್ನ ಹೆಸರು ಗೀಚಿದೆ. ನಾನು ಎಡಚ, ಬೇರೆಯವರ ಬಲಗೈಗೆ ಸವೆದ ನಿಬ್ಬು ನನ್ನ ಕೈಯಲ್ಲಿ ಕೆರೆಯುತ್ತೆ. ಇದು ಬೆಣ್ಣೆ ಹಾಗೆ ಜಾರಿತು.

ಮತ್ತೆ ಸೀಮೆಸುಣ್ಣ ಉಜ್ಜಿದೆ. ಖಾಲಿ ಇದ್ದ ಜಾಗದಲ್ಲಿ ನನ್ನ ಹೆಸರಿತ್ತು. ಹೊಸದಾಗಿ ಕೆತ್ತಿದ್ದಲ್ಲ, ಯಾರದೋ ಬೆರಳಡಿ ವರ್ಷಗಟ್ಟಲೆ ಸವೆದದ್ದು.

ಅವಳು ಎದ್ದುಬಂದು ಅದನ್ನು ಓದಿದಳು. ಅಲ್ಲಿತನಕ 'ನೀವು' ಅಂದವಳು, "ಹಾಗಾದ್ರೆ ನೀನೇ," ಅಂದಳು. ಪೆನ್ನು ಬಿಟ್ಟು ಹೋದಳು.

ನಿನ್ನೆ ಬೇರೆ ಯಾರೋ ಇನ್ನೊಂದು ಹಳೇ ಪೆನ್ನು ತಂದುಕೊಟ್ಟರು. ಸೀಮೆಸುಣ್ಣ ಉಜ್ಜಿದೆ. ಅಲ್ಲೂ ನನ್ನ ಹೆಸರೇ. ಅದರಲ್ಲಿ ನಾನಿನ್ನೂ ಒಂದಕ್ಷರವೂ ಬರೆದಿಲ್ಲ.