ಗೋಡೆಯ ಮೇಲಿನ ಸಂಸಾರ

ಗೋಣಿತಾಟು ಕೆಳಗೆ ಬಿದ್ದಾಗ ನಾನು ಮೊದಲು ನೋಡಿದ್ದು ಹೆಂಗಸಿನ ಮುಖವನ್ನು. ಅದು ನನ್ನ ಮುಖ.

ಅದೇ ಅಗಲವಾದ ಹಣೆ, ಅದೇ ಮೊಂಡು ಮೂಗು, ಎಡಗಡೆ ಮಾತ್ರ ಏರಿದ ಹುಬ್ಬು. ಕತ್ತಿನಲ್ಲಿ ತಾಳಿ. ಸೊಂಟದಲ್ಲೊಂದು ಮಗು, ಸೆರಗು ಹಿಡಿದುಕೊಂಡು ಇನ್ನೊಂದು. ಕೆಳಗೆ ಕೆಂಪು ತ್ರಿಕೋನ, ಅದರ ಪಕ್ಕ ‘ಇಬ್ಬರೇ ಸಾಕು’ ಎಂಬ ದಪ್ಪ ಅಕ್ಷರ. ನನಗೋ ಇನ್ನೂ ಮದುವೆಯೇ ಆಗಿರಲಿಲ್ಲ!

ಧನಗೆರೆಯ ಅರ್ಧ ಊರು ಗೋಡೆ ಚಿತ್ರ ನೋಡಲು ಚಾವಡಿ ಮುಂದೆ ಸೇರಿತ್ತು. ಮೊದಲು ಬಾಯಿ ಬಿಟ್ಟವಳು ಪುಟ್ಟಮಲ್ಲಮ್ಮಜ್ಜಿ.

“ಅಯ್ಯಯ್ಯೋ, ನಮ್ ಮಾದೇವಯ್ಯನ್ ಮಗ್ಳು ಶಿವನಂಜಿ ಕಣ್ರವ್ವಾ! ಯಾವಾಗ ಎತ್ಲು ಇವ್ಳು ಎಲ್ಡು ಮಕ್ಳ?”

ನಮ್ಮಪ್ಪ ಮಹದೇವಯ್ಯ, ಚಿತ್ರ ಬರೆಸಿದ ಮೇಷ್ಟ್ರಿಗೆ ಹಾಕಲೆಂದು ತಂದ ಹಾರವನ್ನು ಹಿಡಿದುಕೊಂಡು ಹಾಗೇ ನಿಂತಿದ್ದ.

ಅದು ಎಪ್ಪತ್ತನೇ ಇಸವಿಯ ಸುಗ್ಗಿ ಮುಗಿದ ಕಾಲ. ಕೊಳ್ಳೇಗಾಲದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಸಿದ್ದಮಲ್ಲಪ್ಪನವರು ಭಾನುವಾರ ಬಂತೆಂದರೆ ಸೈಕಲ್ ತುಳಿದು ನಮ್ಮೂರಿಗೆ ಬರುತ್ತಿದ್ದರು, ಊರಿನ ಹುಡುಗ ಹುಡುಗಿಯರಿಗೆ ಗೋಡೆ ಚಿತ್ರ ಕಲಿಸಲು. ಬಣ್ಣ, ನೋಡಿ ಬರೆಯಲು ಕುಟುಂಬ ಯೋಜನೆಯ ಒಂದು ಚಿತ್ರ, ಎರಡನ್ನೂ ಆಸ್ಪತ್ರೆಯವರು ಕೊಟ್ಟಿದ್ದರು. ನಾಲ್ಕಾರು ಹುಡುಗರು, ಗೆಳತಿ ರಾಚಮ್ಮ, ನಾನು. ನನಗಾಗ ಇಪ್ಪತ್ತೊಂದು. ಬಂದ ಗಂಡುಗಳಿಗೆಲ್ಲ ಏನಾದರೊಂದು ಕುಂಟುನೆಪ ಹೇಳಿ ಕಳಿಸುವುದರಲ್ಲಿ ಊರಿಗೇ ಹೆಸರಾದವಳು.

ಮೇಷ್ಟ್ರು ಮೊದಲು ಕಲಿಸಿದ್ದು ಚೌಕ ಹಾಕುವುದನ್ನು. ದಾರಕ್ಕೆ ಇದ್ದಲಪುಡಿ ತಿಕ್ಕಿ, ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆ ಮೇಲೆ ನೇರ ಗೆರೆ ಮೂಡುತ್ತದೆ. ಆ ತುದಿ ಅವರದು, ಈ ತುದಿ ಅದು ಹೇಗೋ ಪ್ರತಿ ಸಲವೂ ನನ್ನದೇ ಆಗುತ್ತಿತ್ತು.

“ಬಿಗಿಯಾಗಿ ಹಿಡ್ಕೊಳ್ಳಿ ಶಿವನಂಜಮ್ಮನೋರೆ.”

“ನಾ ಬಿಗಿಯಾಗೇ ಇಡ್ಕಂಡಿವ್ನಿ. ನಿಮ್ ಕೈಯೇ ನಡುಗ್ತಾ ಅದೆ.”

“ನಡುಗ್ತಿರೋದು ದಾರ.”

“ದಾರಕ್ಕೇನ್ ಚಳಿಯಾ ಮೇಷ್ಟ್ರೆ?”

ದಾರ ಟಪ್ಪೆಂದು ಬಡಿದು ಅವರ ಮೀಸೆಗೆಲ್ಲ ಇದ್ದಲು ಮೆತ್ತಿತು. ಅವರಿಗದು ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಅವತ್ತೆಲ್ಲ ಕದ್ದು ಕದ್ದು ಆ ಮೀಸೆಯನ್ನೇ ನೋಡಿದೆ.

ಒಬ್ಬೊಬ್ಬರಿಗೆ ಒಂದೊಂದು ಚೌಕ. “ನಿಮ್ಮ ಚೌಕ ಎಷ್ಟಿದೆಯೋ ಅಷ್ಟೇ ನೋಡಿ. ಇಡೀ ಚಿತ್ರ ನೋಡಿದ್ರೆ ಕೈ ಹೆದರುತ್ತೆ” ಅನ್ನುತ್ತಿದ್ದರು. ಉಳಿದದ್ದಕ್ಕೆಲ್ಲ ಗೋಣಿತಾಟಿನ ಮುಸುಕು. ನನ್ನ ಪಾಲಿಗೆ ಬಂದದ್ದು ಗಂಡಸಿನ ಮುಖ. ಆದರೆ ಆಸ್ಪತ್ರೆಯವರ ಚಿತ್ರ ದಾರಿಯಲ್ಲಿ ಅಕಾಲದ ಮಳೆಗೆ ನೆನೆದು, ಅದರಲ್ಲಿ ಗಂಡ ಹೆಂಡತಿಗೆ ಮುಖವೇ ಉಳಿದಿರಲಿಲ್ಲ.

“ಯಾರ್ ಮುಖ ನೋಡ್ಕಂಡ್ ಬರೀಲಿ?”

“ಚೆನ್ನಾಗಿ ಗೊತ್ತಿರೋ ಯಾವುದಾದ್ರೂ ಮುಖ ನೆನೆಸ್ಕೊಳ್ಳಿ.”

ನಮ್ಮಣ್ಣನನ್ನು ನೆನೆಸಿಕೊಂಡು ಬರೆದೆ. ಹಾಗಂತ ನಾನು ಅಂದುಕೊಂಡಿದ್ದೆ. ಮೇಷ್ಟ್ರು ಬಂದು ನೋಡಿದರು. ನೋಡಿದರು, ನೋಡುತ್ತಲೇ ಇದ್ದರು. ಕಿವಿಯೆಲ್ಲ ಕೆಂಪಾಯಿತು. “ಮೂಗು ಒಂಚೂರು ಉದ್ದ ಆಯ್ತು” ಎಂದಷ್ಟೇ ಹೇಳಿ ತಾಟು ಎಳೆದುಬಿಟ್ಟರು. ಹೆಂಗಸಿನ ಮುಖ ತಾವೇ ಬರೆಯುತ್ತೇನೆಂದರು.

ಈಗ ನೋಡಿದರೆ, ಬರೆದದ್ದು ಇದನ್ನು! ನನಗೆ ಮೈಯೆಲ್ಲ ಉರಿದುಹೋಯಿತು.

“ಏನ್ ಮೇಷ್ಟ್ರೆ ಇದು? ನನ್ ಮುಖ ತಕಂಡೋಗಿ ಬೀದಿ ಗೋಡೆಗ್ ಬಳ್ದ್ರಲ್ಲಾ! ನಾಳಿದ್ದು ಯಳಂದೂರಿಂದ ಗಂಡಿನ್ ಕಡೆಯೋರು ಬತ್ತಾರೆ, ಗೊತ್ತಾ ನಿಮ್ಗೆ?”

ಅವರ ಮುಖ ಸುಣ್ಣವಾಯಿತು. ರಾಚಮ್ಮ ನನ್ನ ಸೆರಗು ಜಗ್ಗಿದಳು.

“ಲೇ, ಪಕ್ಕದ್ದ ನೋಡೇ.”

ನೋಡಿದೆ. ಹಣೆಗೆ ಬಿದ್ದ ಕೂದಲು. ಒಳಕ್ಕಿಳಿದ ಕಣ್ಣು. ಸಣ್ಣ ಮೀಸೆ. ಅದರಲ್ಲಿ ನಮ್ಮಣ್ಣನ ಒಂದು ಕೂದಲೂ ಇರಲಿಲ್ಲ. ಇಡೀ ಊರಿನ ಮುಂದೆ, ಹೆಂಡತಿ ಮಕ್ಕಳ ಪಕ್ಕದಲ್ಲಿ ಸಿದ್ದಮಲ್ಲಪ್ಪ ಮೇಷ್ಟ್ರು ನಗುತ್ತ ನಿಂತಿದ್ದರು. ಬರೆದ ಕೈ ನನ್ನದು.

ಅಪ್ಪನ ದನಿ ಬಂತು. “ಗಂಡನ್ ಜಾಗದಲ್ಲಿ ನಿಮ್ ಮುಖವ ನೀವೇ ಬರ್ಕಂಡ್ರಾ ಮೇಷ್ಟ್ರೆ?”

“ಕಟ್ಟಾಕ್ರಲಾ ಅವ್ನ!” ಎಂದು ಯಾರೋ ಹಿಂದಿನಿಂದ ಕೂಗಿದರು.

ಮೇಷ್ಟ್ರು ನನ್ನ ಕಡೆ ಒಮ್ಮೆ ನೋಡಿದರು. “ಹೌದು ಸ್ವಾಮಿ. ಎರಡೂ ನಾನೇ ಬರೆದದ್ದು. ಅವ್ರಿಗೇನೂ ಗೊತ್ತಿಲ್ಲ, ತಪ್ಪು ನಂದು.”

“ಇವತ್ತೇ ಎಡ್ಮಾಸ್ಟ್ರ ಕಂಡು ನಿಮ್ ಕೆಲ್ಸ ತೆಗುಸ್ತೀನಿ. ಈ ಊರ್ ಕಡೆ ಇನ್ನೊಂದಪ ಕಾಲಿಕ್ಬ್ಯಾಡಿ. ಓಗಿ.”

ಅವರು ಸೈಕಲ್ ಕಡೆ ಹೊರಟರು. ನಾನು ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಯಳಂದೂರಿನ ಮದುವೆಯೂ ಆಗುತ್ತಿತ್ತು. ಅವರು ಮಾತ್ರ ಹೋಗಿಬಿಡುತ್ತಿದ್ದರು. ಅವರು ಹೋಗುವುದು ನನಗೆ ಬೇಡವಾಗಿತ್ತು. ಅದು ನನಗೆ ತಿಳಿದದ್ದೇ ಆಗ.

“ಅಪ್ಪಾ, ಗಂಡಸಿನ್ ಮುಖ ಬರ್ದೋಳು ನಾನು.”

“ಏನಂದೆ?”

“ಮೊದ್ಲು ಬರ್ದೋಳೇ ನಾನು. ಅವ್ರು ಬರ್ದಿದ್ದು ಆಮೇಲೆ.”

ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. “ನಿಮ್ಮ ಚೌಕ ನೋಡಿದ ಮೇಲೆ ನಂಗೆ ಬೇರೆ ಮುಖ ಬರೆಯೋಕೆ ಆಗ್ಲಿಲ್ಲ” ಅಂದರು, ಊರೆಲ್ಲ ಕೇಳುತ್ತಿದೆ ಅನ್ನುವುದನ್ನೂ ಮರೆತು.

“ಬಾಯ್ಬುಟ್ಟು ಏಳಕ್ಕೇನಾಗಿತ್ತು?”

“ನೀವೂ ಹೇಳಿರ್ಲಿಲ್ಲವಲ್ಲ.”

“ನಂಗೇ ಗೊತ್ತಿರ್ನಿಲ್ಲ ಮೇಷ್ಟ್ರೆ!”

ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಕೇಳಿತು. ಅಪ್ಪ, ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣದ ಬಕೆಟ್ಟನ್ನು ನನ್ನ ಮುಂದೆ ಕುಕ್ಕಿದ.

“ಅಳಿಸು. ನಿನ್ ಕೈಯಾರೆ ಅಳಿಸು. ಬರೋ ನೆಂಟ್ರು ಈ ಗೋಡೆ ಮುಂದೇ ಬರ್ಬೇಕು.”

ಬ್ರಷ್ ಅದ್ದಿದೆ. ಸೊಂಟದ ಮಗುವಿನ ಮೇಲೆ ಸುಣ್ಣ ಬಳಿದೆ. ಸೆರಗು ಹಿಡಿದಿದ್ದ ಮಗುವಿನ ಮೇಲೂ ಬಳಿದೆ. ಆಮೇಲೆ ಬ್ರಷ್ಷಿನ ತುದಿಯಿಂದ, ಕತ್ತಿಗೆ ತಾಗದ ಹಾಗೆ, ತಾಳಿಯನ್ನು ಅಳಿಸಿದೆ. ಅಷ್ಟು ಮಾಡಿ ಬ್ರಷ್ಷನ್ನು ಅಪ್ಪನ ಕೈಗೆ ಕೊಟ್ಟೆ.

“ಇನ್ನೂ ಮದ್ವೆ ಆಗಿಲ್ವಲ್ಲಪ್ಪ, ಅದ್ಕೇ ಮಕ್ಳ ತೆಗ್ದಿವ್ನಿ. ಉಳ್ದಿದ್ದ ನಿನ್ ಕೈಲಾದ್ರೆ ನೀನೇ ಅಳಿಸು.”

ಗೋಡೆ ಮೇಲೆ ಅಕ್ಕಪಕ್ಕ ನಾವಿಬ್ಬರೇ ಉಳಿದಿದ್ದೆವು. ಅಪ್ಪ ನನ್ನ ಮುಖದ ಮುಂದೆ ಬ್ರಷ್ ಎತ್ತಿ ನಿಂತ. ಸುಣ್ಣ ತೊಟ್ಟಿಕ್ಕಿ ಅವನ ಪಾದವೆಲ್ಲ ಬೆಳ್ಳಗಾಯಿತು. ಕೈ ಮುಂದೆ ಹೋಗಲಿಲ್ಲ.

ಬ್ರಷ್ಷನ್ನು ಬಕೆಟ್ಟಿಗೆ ಹಾಕಿ, ಗೋಡೆಯಿಂದ ಕಣ್ಣು ತೆಗೆಯದೆಯೇ ಕೇಳಿದ.

“ಮೇಷ್ಟ್ರೆ, ನಿಮ್ಮಪ್ಪ ಅವ್ವ ಯಾವೂರಲ್ಲವ್ರೆ?”

“ಹನೂರಲ್ಲಿ ಸ್ವಾಮಿ.”

“ನಾಳಿದ್ದು ಬರಕ್ಕೇಳಿ. ಯಳಂದೂರಿನೋರ್ಗೆ ಬರ್ಬ್ಯಾಡಿ ಅಂತ ನಾ ಏಳ್ಕಳಿಸ್ತೀನಿ.”